ಸ್ಪಾನ್ಸರ್ ಕೊಟ್ಟ ಪಾರ್ಟ್ಸ್, ಗಾಡಿ ಮೇಲಿನ ಲೋಗೋ: ಒಪ್ಪಂದದಲ್ಲಿ ಏನಿರಬೇಕು, ಹಾಕುವ ಮುಂಚೆ ಏನು ನೋಡಬೇಕು?

ನೀಲಿಹ್ಯಾಚ್

ಎಲ್ಲರಿಗೂ ನಮಸ್ಕಾರ. ಹ್ಯಾಚ್‌ಬ್ಯಾಕ್ ಬಿಲ್ಡ್ ನಡೀತಿದೆ. ಬಾಡಿ ಕೆಲಸ ಮುಗಿದಿದೆ, ಪೇಂಟ್ ಬಾಕಿ. ಮೂರು ಕಡೆಯಿಂದ ಮಾತು ಬಂದಿದೆ. ಅಲಾಯ್ ರಿಮ್ ಕಂಪನಿಯವರು ಒಂದು ಸೆಟ್ ಬಿಟ್ಟಿ ಕೊಡ್ತೀವಿ ಅಂತಾರೆ. ಏರ್ ಸಸ್ಪೆನ್ಷನ್‌ನವರು (ಸ್ಪ್ರಿಂಗ್ ಬದಲು ಗಾಳಿ ತುಂಬೋ ಬ್ಯಾಗ್ ಮೇಲೆ ಗಾಡಿ ನಿಲ್ಲಿಸೋ ಕಿಟ್) ಡೀಲರ್ ದರಕ್ಕೆ ಕೊಡ್ತಾರಂತೆ. ಇಂಟೇಕ್ ಕಿಟ್‌ನವರು (ಎಂಜಿನ್‌ಗೆ ಗಾಳಿ ಹೋಗೋ ಪೈಪ್, ಫಿಲ್ಟರ್) ಕಿಟ್ ಜೊತೆಗೆ ಒಂದಿಷ್ಟು ಹಣನೂ ಕೊಡ್ತೀವಿ, ಆದರೆ "8 ಎಚ್‌ಪಿ ಹೆಚ್ಚಾಗುತ್ತೆ" ಅಂತ ವಿಡಿಯೋದಲ್ಲಿ ಹೇಳಬೇಕು ಅಂತಾರೆ. ಮೂವರಿಗೂ ಬಾಗಿಲ ಮೇಲೇ ಲೋಗೋ ಬೇಕು.

ಯಾರಿಗೆ ಯಾವ ಜಾಗ ಕೊಡೋದು, ಕಾಗದದಲ್ಲಿ ಏನು ಬರೆಸಿಕೊಳ್ಳೋದು, 8 ಎಚ್‌ಪಿ ಮಾತನ್ನ ಹೇಗೆ ಪರೀಕ್ಷೆ ಮಾಡೋದು? ಇವಿಷ್ಟು ಗೊತ್ತಾಗಬೇಕು. ಎಂಜಿನ್ ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೇ ಇದೆ, ಸುಮಾರು 110 ಎಚ್‌ಪಿ.

ಪಾರ್ಟ್ಸ್‌ಕೌಂಟರ್

ಮೊದಲು ಮೂರನ್ನೂ ಬೇರೆಬೇರೆ ಮಾಡಿ ನೋಡಿ. ಡೀಲರ್ ದರ ಅನ್ನೋದು ರಿಯಾಯಿತಿ, ಸ್ಪಾನ್ಸರ್‌ಶಿಪ್ ಅಲ್ಲ. ನೀವು ದುಡ್ಡು ಕೊಟ್ಟು ತಗೋತಿದ್ದೀರಿ, ಅವರಿಗೆ ನಷ್ಟವೇನಿಲ್ಲ. ಅದಕ್ಕೆ ಬಾಗಿಲು ಕೊಡಬೇಡಿ. ಹಿಂದಿನ ಕ್ವಾರ್ಟರ್ ಗ್ಲಾಸ್ ಮೇಲೆ ಸಣ್ಣ ಸ್ಟಿಕರ್, ಪ್ರದರ್ಶನದಲ್ಲಿ ಗಾಡಿ ಪಕ್ಕ ನಿಲ್ಲಿಸೋ ಬೋರ್ಡ್‌ನಲ್ಲಿ ಒಂದು ಸಾಲು, ಅಷ್ಟು ಸಾಕು. ಬಿಟ್ಟಿ ಪಾರ್ಟ್ ಕೊಟ್ಟವರಿಗೆ ಬಾಗಿಲ ಕೆಳಗಿನ ಪಟ್ಟಿ. ಬಾಗಿಲ ನಡುಭಾಗ ಹಣ ಕೊಡುವವರಿಗೆ ಮಾತ್ರ, ಅದೂ ಒಬ್ಬರಿಗೆ. ಮೂರು ಲೋಗೋ ಒಂದೇ ಬಾಗಿಲ ಮೇಲೆ ಬಂದರೆ ಫೋಟೋದಲ್ಲಿ ಯಾವುದೂ ಓದೋಕೆ ಬರಲ್ಲ, ಮೂವರಿಗೂ ಅಸಮಾಧಾನ.

ಕಾಗದದ ವಿಷಯ. "ಗಾಡಿಯ ಮೂಲಕ ಉತ್ಪನ್ನಕ್ಕೆ ಪ್ರಚಾರ ಕೊಡತಕ್ಕದ್ದು" ಅನ್ನೋ ಥರದ ವಾಕ್ಯಕ್ಕೆ ಸಹಿ ಹಾಕಬೇಡಿ, ಅದಕ್ಕೆ ಕೊನೆ ಅನ್ನೋದೇ ಇರಲ್ಲ. ಎಣಿಸೋಕೆ ಆಗುವ ಹಾಗೆ ಬರೆಸಿ: "ಪಾರ್ಟ್ ಕೈಸೇರಿದ 45 ದಿನದೊಳಗೆ ಅಳವಡಿಕೆ. 12 ಫೋಟೋ, 60 ಸೆಕೆಂಡಿನ 2 ವರ್ಟಿಕಲ್ ವಿಡಿಯೋ. 3 ಪ್ರದರ್ಶನ. ಬಾಗಿಲ ಕೆಳಪಟ್ಟಿಯಲ್ಲಿ 300 ಮಿ.ಮೀ. ಅಗಲದ ಲೋಗೋ, 12 ತಿಂಗಳು." ಇದರಲ್ಲಿ "ಕೈಸೇರಿದ" ಅನ್ನೋ ಪದ ಬಿಡಲೇಬೇಡಿ. ಆರ್ಡರ್ ಮೇಲೆ ತಯಾರಾಗುವ ರಿಮ್ ಹೇಳಿದ ದಿನಕ್ಕೆ ಬರೋದು ಅಪರೂಪ. ಸಹಿ ಹಾಕಿದ ದಿನದಿಂದ ಗಡುವು ಎಣಿಸಿದರೆ ಅವರ ತಡಕ್ಕೆ ನೀವು ಹೊಣೆಯಾಗ್ತೀರಿ.

ಇನ್ನು "ಬೇರೆ ಬ್ರ್ಯಾಂಡ್ ಹಾಕಬಾರದು" ಅನ್ನೋ ಷರತ್ತು. ಏರ್ ಸಸ್ಪೆನ್ಷನ್‌ನವರು "ಸಸ್ಪೆನ್ಷನ್ ವಿಭಾಗದಲ್ಲಿ ನಾವು ಮಾತ್ರ" ಅಂತ ಬರೆದಿರ್ತಾರೆ. ಆ ಒಂದು ಪದದೊಳಗೆ ಕಂಟ್ರೋಲ್ ಆರ್ಮ್, ಬುಷ್, ಆಂಟಿ ರೋಲ್ ಬಾರ್ ಎಲ್ಲಾ ಬಂದುಬಿಡುತ್ತೆ. "ಏರ್ ಸ್ಟ್ರಟ್, ಏರ್ ಬ್ಯಾಗ್, ಏರ್ ಮ್ಯಾನೇಜ್‌ಮೆಂಟ್ ಮಾತ್ರ" ಅಂತ ತಿದ್ದಿಸಿ. ರಿಯಾಯಿತಿಯಷ್ಟೇ ಕೊಡೋರಿಗೆ ಈ ಷರತ್ತು ಒಪ್ಪುವ ಅಗತ್ಯವೇ ಇಲ್ಲ.

ಪಾರ್ಟ್ ಯಾರದು ಅನ್ನೋದೂ ಬರಹದಲ್ಲಿರಲಿ: ಕೊಟ್ಟಿದ್ದೋ, ಎರವಲೋ? ಅವಧಿ ಮುಗಿಯೋ ಮೊದಲು ಗಾಡಿ ಮಾರಿದರೆ ರಿಮ್ ವಾಪಸ್ ಕೊಡಬೇಕೋ, ಅಥವಾ ಉಳಿದ ತಿಂಗಳ ಲೆಕ್ಕ ಕಟ್ಟಬೇಕೋ? ಬಿಟ್ಟಿ ಬಂದ ಪಾರ್ಟ್‌ನ ಬೆಲೆಯನ್ನ ಬಹಳಷ್ಟು ಕಡೆ ಆದಾಯ ಅಂತಲೇ ಲೆಕ್ಕ ಹಾಕ್ತಾರೆ. ಅದಕ್ಕೆ ಬೆಲೆ ನಮೂದಿಸಿದ ರಸೀದಿ ಕೇಳಿ ಇಟ್ಕೊಳ್ಳಿ, ವಿಮೆಯವರಿಗೆ ಮಾರ್ಪಾಡು ತಿಳಿಸುವಾಗಲೂ ಅದೇ ಕೆಲಸಕ್ಕೆ ಬರುತ್ತೆ.

ರಿಮ್‌ಲೆಕ್ಕ

ಒಪ್ಪಂದಕ್ಕಿಂತ ಮುಂಚೆ ಒಂದು ಪ್ರಶ್ನೆ ಇದೆ: ಆ ಅಲಾಯ್, ಆ ಏರ್ ಸ್ಟ್ರಟ್ ಎರಡೂ ಒಟ್ಟಿಗೆ ಕೂರುತ್ವಾ? ಇಬ್ಬರು ಸ್ಪಾನ್ಸರ್‌ಗಳೂ ತಮ್ಮ ಪಾರ್ಟ್ ನಿಮ್ಮ ಗಾಡಿಗೆ ಸರಿಹೋಗುತ್ತೆ ಅಂತಾನೇ ಹೇಳ್ತಾರೆ. ಇಬ್ಬರೂ ಹೇಳೋದು ನಿಜ, ಸ್ಟಾಕ್ ಗಾಡಿಗೆ.

ಲೆಕ್ಕ ಹಾಕಿ ನೋಡೋಣ. ಸ್ಟಾಕ್ ರಿಮ್ 7.5 ಇಂಚು ಅಗಲ, ಆಫ್‌ಸೆಟ್ ಇಟಿ 45 ಇದೆ ಅಂದ್ಕೊಳ್ಳಿ (ಇಟಿ ಅಂದ್ರೆ ರಿಮ್‌ನ ಅಗಲದ ನಡುಗೆರೆಯಿಂದ, ಅದು ಹಬ್‌ಗೆ, ಅಂದ್ರೆ ಚಕ್ರ ಬಿಗಿಯೋ ಭಾಗಕ್ಕೆ, ತಾಗೋ ಮುಖಕ್ಕಿರೋ ದೂರ, ಮಿ.ಮೀ.ನಲ್ಲಿ). ಅವರು ಕೊಡೋದು 9 ಇಂಚು, ಇಟಿ 35. ಅಗಲ 1.5 ಇಂಚು ಹೆಚ್ಚು, ಅಂದ್ರೆ 38 ಮಿ.ಮೀ. ಅದು ಹೊರಗೆ 19, ಒಳಗೆ 19 ಹಂಚಿಹೋಗುತ್ತೆ. ಆಫ್‌ಸೆಟ್ 10 ಕಡಿಮೆ ಆಗಿರೋದ್ರಿಂದ ಇಡೀ ರಿಮ್ 10 ಮಿ.ಮೀ. ಹೊರಗೆ ಸರಿಯುತ್ತೆ. ಒಟ್ಟಾರೆ ಹೊರ ಅಂಚು 29 ಮಿ.ಮೀ. ಹೊರಕ್ಕೆ, ಒಳ ಅಂಚು 9 ಮಿ.ಮೀ. ಒಳಕ್ಕೆ. ಎಲ್ಲರೂ ಫೆಂಡರ್ ಕಡೆಯ 29 ನೋಡ್ತಾರೆ. ತೊಂದರೆ ಕೊಡೋದು ಒಳಗಿನ 9. ಏರ್ ಸ್ಟ್ರಟ್‌ನ ಬ್ಯಾಗ್ ಸ್ಟಾಕ್ ಡ್ಯಾಂಪರ್‌ಗಿಂತ ದಪ್ಪ, ಗಾಳಿ ತುಂಬಿದಾಗ ಇನ್ನೂ ಉಬ್ಬುತ್ತೆ. ಟೈರಿನ ಒಳಗೋಡೆ ಅದಕ್ಕೆ ಉಜ್ಜಿದರೆ ರಬ್ಬರ್ ಸವೆದು ಓಡುವಾಗಲೇ ಬ್ಯಾಗ್ ಒಡೆಯುತ್ತೆ.

ಆದ್ದರಿಂದ ಮೊದಲು ಸ್ಟ್ರಟ್ ಕೂರಿಸಿ. ಗಾಳಿ ತುಂಬಿಸಿ ಹಬ್ ಮುಖದಿಂದ ಬ್ಯಾಗ್‌ಗೆ ಎಷ್ಟು ಜಾಗ ಇದೆ ಅಳೆಯಿರಿ, ಪೂರ್ತಿ ಇಳಿಸಿ ಫೆಂಡರ್ ಒಳಗೆ ಅಳೆಯಿರಿ, ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ಮತ್ತೆ ಅಳೆಯಿರಿ. ಆ ಅಳತೆ ಕೈಯಲ್ಲಿಟ್ಟುಕೊಂಡು ಅಲಾಯ್‌ನವರಿಗೆ ಇಟಿ ಹೇಳಿ. ಬಿಟ್ಟಿ ಕೊಡ್ತಿದ್ದಾರೆ ಅಂತ ಅವರ ಹತ್ತಿರ ಉಳಿದಿರೋ ಸೈಜ್ ತಗೊಂಡು ಆಮೇಲೆ ಸ್ಪೇಸರ್ ಹುಡುಕೋದು ತಲೆಕೆಳಗಾದ ಕೆಲಸ.

ಇನ್ನೆರಡು ಮಾತು. ಸೆಂಟರ್ ಬೋರ್ (ರಿಮ್ ನಡುವಿನ ತೂತು): ಆಫ್ಟರ್‌ಮಾರ್ಕೆಟ್ ರಿಮ್‌ಗಳಲ್ಲಿ 73.1 ಮಿ.ಮೀ. ಸಾಮಾನ್ಯ, ನಿಮ್ಮ ಹಬ್ ಚಿಕ್ಕದಿದ್ದರೆ ಆ ಸಂದು ತುಂಬೋ ಹಬ್ ರಿಂಗ್ ಅವರೇ ಕೊಡಲಿ. ನಟ್ ಸೀಟ್ (ನಟ್ ಅಥವಾ ಬೋಲ್ಟ್ ರಿಮ್‌ಗೆ ಒತ್ತಿ ಕೂರೋ ಮುಖ): ರಿಮ್‌ನಲ್ಲಿ 60 ಡಿಗ್ರಿ ಕೋನ್ ಇದ್ದು ನಿಮ್ಮ ಬೋಲ್ಟ್ ಗುಂಡು ಸೀಟಿನದಾದರೆ ಬರೀ ತೆಳು ಗೆರೆಯಷ್ಟು ಜಾಗದಲ್ಲಿ ತಾಗುತ್ತೆ. ಟಾರ್ಕ್ ಸರಿಯಾಗಿ ಕೊಟ್ಟರೂ ಸಡಿಲ ಆಗುತ್ತೆ. ಯಾವುದೇ ಹೊಸ ರಿಮ್ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಟಾರ್ಕ್ ವ್ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿ ನೋಡಿ.

ಡೈನೋರೂಮ್

8 ಎಚ್‌ಪಿ ವಿಷಯ ನಾನು ಹೇಳ್ತೀನಿ.

ಕಂಪನಿ ತೋರಿಸೋ ಡೈನೋ (ಗಾಡಿಯ ಶಕ್ತಿ ಅಳೆಯೋ ಯಂತ್ರ) ಗ್ರಾಫ್‌ನ ಮೂಲೆಯಲ್ಲಿ ಕರೆಕ್ಷನ್ ಯಾವುದು, ಅಂದ್ರೆ ಯಾವ ಹವೆಗೆ ಅಂಕಿ ಹೊಂದಿಸಿದ್ದಾರೆ ಅಂತ ಬರೆದಿರುತ್ತೆ, ಮೊದಲು ಅದನ್ನ ಓದಿ. ಎಸ್‌ಎಇ ಜೆ1349 ಅಂದ್ರೆ 25 ಡಿಗ್ರಿ, 99 ಕಿಲೋಪಾಸ್ಕಲ್ ಒಣಗಾಳಿಗೆ ಹೊಂದಿಸಿದ ಅಂಕಿ. ಹಳೆಯ ಎಸ್‌ಟಿಡಿ ಕರೆಕ್ಷನ್ ಇನ್ನೂ ತಂಪಾದ, ಒತ್ತಡ ಹೆಚ್ಚಿರೋ ಗಾಳಿಗೆ ಹೊಂದಿಸುತ್ತೆ, ಅದರ ಅಂಕಿ ಸುಮಾರು 4% ಜಾಸ್ತಿ ಬರುತ್ತೆ. ನಿಮ್ಮ 110 ಎಚ್‌ಪಿಗೆ 4% ಅಂದ್ರೆ 4.4. ಕಿಟ್ ಹಾಕೋ ಮುಂಚಿನ ಓಟ ಒಂದರಲ್ಲಿ, ಆಮೇಲಿನದು ಇನ್ನೊಂದರಲ್ಲಿ ತೋರಿಸಿದರೆ 8ರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಗದದ ಮೇಲೇ ಹುಟ್ಟಿಕೊಂಡಿರುತ್ತೆ.

ನೀವೇ ಪರೀಕ್ಷೆ ಮಾಡೋದಾದರೆ ಒಂದೇ ದಿನ, ಒಂದೇ ಡೈನೋ, 1:1ಕ್ಕೆ ಹತ್ತಿರದ ಗೇರ್. ಟೈರ್ ಗಾಳಿ ಒಂದೇ ಇರಲಿ, ಡೈನೋ ಮೇಲೆ ಗಾಡಿ ಕಟ್ಟೋ ಪಟ್ಟಿಯ ಬಿಗಿ ಒಂದೇ ಇರಲಿ. ಪ್ರತಿ ಓಟಕ್ಕೂ ಮುಂಚೆ ಕೂಲಂಟ್ ಮತ್ತು ಇಂಟೇಕ್ ಗಾಳಿಯ ಉಷ್ಣ ಒಂದೇ ಮಟ್ಟಕ್ಕೆ ಬರೋವರೆಗೂ ಕಾಯಿರಿ. ಸ್ಟಾಕ್‌ನಲ್ಲಿ 3 ಓಟ, ಕಿಟ್ ಹಾಕಿ 3 ಓಟ, ಆಮೇಲೆ ಮತ್ತೆ ಸ್ಟಾಕ್ ಹಾಕಿ 3 ಓಟ. ಈ ಕೊನೆಯ ಮೂರನ್ನ ಯಾರೂ ಮಾಡಲ್ಲ, ಇಡೀ ಪರೀಕ್ಷೆಯ ಬೆಲೆ ಇರೋದೇ ಅದರಲ್ಲಿ. ವಾಪಸ್ ಸ್ಟಾಕ್ ಹಾಕಿದಾಗ ಅಂಕಿ ಮೊದಲಿನಷ್ಟಕ್ಕೆ ಇಳೀದಿದ್ದರೆ ಹೆಚ್ಚಾಗಿದ್ದು ಕಿಟ್‌ನಿಂದಲ್ಲ, ಗೇರ್‌ಬಾಕ್ಸ್ ಎಣ್ಣೆ ಬಿಸಿಯಾಗಿದ್ದರಿಂದ. ಓಟದಿಂದ ಓಟಕ್ಕೆ 1–2% ಹೆಚ್ಚುಕಮ್ಮಿ ಸಹಜ, 110ಕ್ಕೆ ಅದೇ 2 ಎಚ್‌ಪಿ. ಬಾನೆಟ್ ಮುಚ್ಚಿ ಓಡಿಸಿ. ತೆರೆದಿಟ್ಟು ಮುಂದೆ ಫ್ಯಾನ್ ಇಟ್ಟರೆ ತೆರೆದ ಫಿಲ್ಟರ್‌ಗೆ ರಸ್ತೆಯಲ್ಲಿ ಸಿಗದ ತಂಪು ಗಾಳಿ ಸಿಗುತ್ತೆ.

ಇನ್ನೊಂದು, ಇದು ಎಂಜಿನ್ ಉಳಿಸೋ ವಿಷಯ. ನಿಮ್ಮ ಗಾಡಿಯಲ್ಲಿ ಮಾಸ್ ಏರ್‌ಫ್ಲೋ ಸೆನ್ಸರ್ (ಎಂಜಿನ್‌ಗೆ ಹೋಗೋ ಗಾಳಿ ಅಳೆಯೋದು) ಇದ್ದರೆ ಕಿಟ್‌ನ ಪೈಪಿನಲ್ಲಿ ಸೆನ್ಸರ್ ಕೂರೋ ಜಾಗದ ಒಳವ್ಯಾಸ ವರ್ನಿಯರ್ ಹಿಡಿದು ಅಳೆಯಿರಿ. ಸ್ಟಾಕ್ 70 ಮಿ.ಮೀ. ಇದ್ದು ಕಿಟ್ 76 ಇದ್ದರೆ ವಿಸ್ತೀರ್ಣ 18% ಹೆಚ್ಚು. ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತೆ, ಸೆನ್ಸರ್ ಸುಮಾರು 15% ಕಡಿಮೆ ಗಾಳಿ ಅಂತ ಓದುತ್ತೆ, ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಅದಕ್ಕೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡುತ್ತೆ. ಮೆಲ್ಲಗೆ ಓಡುವಾಗ ಆಕ್ಸಿಜನ್ ಸೆನ್ಸರ್ ಸರಿಪಡಿಸಿಕೊಳ್ಳುತ್ತೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಬಹಳ ಗಾಡಿಗಳಲ್ಲಿ ಆ ತಿದ್ದುಪಡಿ ಕೆಲಸ ಮಾಡಲ್ಲ, ಗಾಳಿಗೆ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತೆ. ಸ್ಟಾಕ್ ಟ್ಯೂನ್ ಸಾಮಾನ್ಯವಾಗಿ ಗಟ್ಟಿ ಮಿಶ್ರಣದ್ದಾಗಿರೋದರಿಂದ ತೆಳುವಾದಾಗ ಡೈನೋ ಮೇಲೆ ಎಚ್‌ಪಿ ಏರಿದ ಹಾಗೆ ಕಾಣುತ್ತೆ. ಪಿಸ್ಟನ್‌ಗೆ ಅದು ಒಳ್ಳೇದಲ್ಲ. ಸ್ಕ್ಯಾನರ್ ಹಾಕಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನ ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡ್ತಿದೆ ಅನ್ನೋ ಅಂಕಿ) ನೋಡಿ. ಕಿಟ್ ಹಾಕಿದ ಮೇಲೆ ಅದು +10 ದಾಟಿದರೆ ಅಥವಾ ಪಿ0171 (ಮಿಶ್ರಣ ತೆಳು ಅನ್ನೋ ದೋಷ) ಕೋಡ್ ಬಂದರೆ ಆ ಕಿಟ್ ಟ್ಯೂನ್ ಇಲ್ಲದೆ ಹಾಕುವಂಥದ್ದಲ್ಲ. ಇದನ್ನ ಕಂಪನಿಗೂ ಹೇಳಿ, ನೋಡುವವರಿಗೂ ಹೇಳಿ.

ನೀಲಿಹ್ಯಾಚ್

@ಡೈನೋರೂಮ್ ಸರ್, ತುಂಬಾ ಉಪಯೋಗವಾಯ್ತು. ಆದ್ರೆ 8ರ ಬದಲು 3 ಬಂದರೆ? ಅದನ್ನ ಹೇಳಿದರೆ ಅವರು ಹಣ ವಾಪಸ್ ಕೇಳಲ್ವಾ?

ಪಾರ್ಟ್ಸ್‌ಕೌಂಟರ್

ಅದಕ್ಕೇ ಮೊದಲೇ ಬರೆಸಿಕೊಳ್ಳಬೇಕು. ಎರಡು ಸಾಲು ಸಾಕು. ಒಂದು: "ಹಣ ನೀಡುವುದು ಅಳವಡಿಕೆ ಮತ್ತು ಚಿತ್ರೀಕರಣಕ್ಕೆ, ಪರೀಕ್ಷೆಯ ಫಲಿತಾಂಶಕ್ಕೆ ಅಲ್ಲ." ಎರಡು: "ದೋಷ ಕಂಡರೆ ಮೊದಲು ಕಂಪನಿಗೆ ತಿಳಿಸಿ, ಸರಿಪಡಿಸಲು 14 ದಿನ ಕೊಟ್ಟು, ನಂತರ ಕಂಪನಿಯ ಉತ್ತರದ ಸಮೇತ ಪ್ರಕಟಿಸಲಾಗುವುದು." ಒಳ್ಳೆ ಪಾರ್ಟ್ ಮಾಡೋರು ಇದಕ್ಕೆ ಒಪ್ತಾರೆ. ಅವರಿಗೂ ಅಳವಡಿಕೆಯಲ್ಲಿ ಎಲ್ಲಿ ತಾಗುತ್ತೆ, ಯಾವ ಬ್ರ್ಯಾಕೆಟ್ ಕೂರಲ್ಲ ಅನ್ನೋ ಮಾಹಿತಿ ಬೇಕಾಗಿರುತ್ತೆ. "ಕಂಪನಿಯ ಬಗ್ಗೆ ಕೆಟ್ಟದ್ದು ಏನೂ ಹೇಳಬಾರದು" ಅಂತ ಹಠ ಹಿಡಿದರೆ ಆ ಕಿಟ್ ಬಿಟ್ಟುಬಿಡಿ.

8 ಅಂತ ಹೇಳಲೇಬೇಕು ಅಂದ್ರೆ, "ಕಂಪನಿ ಹೇಳುವ ಪ್ರಕಾರ 8" ಅಂದು, ನಿಮ್ಮ ಡೈನೋ ಹಾಳೆಯನ್ನೂ ಅದೇ ಪರದೆ ಮೇಲೆ ತೋರಿಸಿ.

ಹಳೇಕ್ಲಚ್

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಡೈನೋಗೆ ಹೋಗೋದು, 9 ಓಟ ಓಡಿಸೋದು ದುಬಾರಿ ಕೆಲಸ. ಸಣ್ಣ ಬಿಲ್ಡ್ ಮಾಡೋರು ಇಷ್ಟೆಲ್ಲ ಮಾಡೋಕಾಗಲ್ಲ. ಪಾರ್ಟ್ ಹಾಕಿ, ಸದ್ದು ಕೇಳಿಸಿ, ನೋಡೋಕೆ ಹೀಗಿದೆ ಅಂತ ತೋರಿಸಿದರೆ ಏನು ತಪ್ಪು?

ಡೈನೋರೂಮ್

ಏನೂ ತಪ್ಪಿಲ್ಲ. ಸದ್ದು, ನೋಟ, ಅಳವಡಿಕೆ ಎಷ್ಟು ಸಲೀಸು ಅನ್ನೋದನ್ನೆಲ್ಲ ಧಾರಾಳವಾಗಿ ತೋರಿಸಿ. ಅಳತೆ ಮಾಡದ ಅಂಕಿಯನ್ನ ಮಾತ್ರ ಬಾಯಲ್ಲಿ ಹೇಳಬೇಡಿ. ಡೈನೋ ಇಲ್ಲದಿದ್ದರೂ ಫ್ಯುಯೆಲ್ ಟ್ರಿಮ್ ಮತ್ತು ಇಂಟೇಕ್ ಉಷ್ಣ ಸಾಧಾರಣ ಒಬಿಡಿ ಡಾಂಗಲ್‌ನಲ್ಲೂ (ಗಾಡಿಯ ಪೋರ್ಟ್‌ಗೆ ಹಾಕೋ ಸಣ್ಣ ಸ್ಕ್ಯಾನರ್) ಸಿಗುತ್ತೆ. ಅಷ್ಟನ್ನಾದರೂ ನೋಡದೆ ಬೇರೆಯವರ ಎಂಜಿನ್‌ಗೆ ಒಂದು ಪಾರ್ಟ್ ಶಿಫಾರಸು ಮಾಡಬಾರದು ಅನ್ನೋದು ನನ್ನ ನಿಲುವು.

ಸ್ಕ್ವೀಜಿಕೈ

ಸ್ಟಿಕರ್ ಬಗ್ಗೆ ಯಾರೂ ಹೇಳಿಲ್ಲ. ಪೇಂಟ್ ಬಾಕಿ ಅಂದಿದ್ದೀರಿ, ಅದರಿಂದಲೇ ಶುರು ಮಾಡ್ತೀನಿ. ಹೊಸ ಪೇಂಟ್ ಮೇಲೆ ಕೂಡಲೇ ವಿನೈಲ್ ಅಂಟಿಸಬೇಡಿ. ಒಳಗಿನ ಸಾಲ್ವೆಂಟ್ ಪೂರ್ತಿ ಹೊರಗೆ ಹೋಗಿರಲ್ಲ, ಅದು ಫಿಲ್ಮ್ ಕೆಳಗೆ ಸೇರಿ ಸಣ್ಣಸಣ್ಣ ಗುಳ್ಳೆ ಎಬ್ಬಿಸುತ್ತೆ. ತೆಗೆಯುವಾಗ ಕ್ಲಿಯರ್‌ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಮೇತ ಕಿತ್ತು ಬರಬಹುದು. ಗಾಳಿಯಲ್ಲಿ ಒಣಗಿದ ಪೇಂಟ್‌ಗೆ 30 ದಿನ ಬಿಡೋದು ವಾಡಿಕೆ. ಬೂತ್‌ನಲ್ಲಿ ಬೇಕ್ ಮಾಡಿದ್ದರೂ ಪೇಂಟ್ ತಯಾರಕರ ಹಾಳೆಯಲ್ಲಿ ಇರೋ ದಿನ ನೋಡಿ. ಪ್ರದರ್ಶನದ ತಾರೀಕಿನಿಂದ ಹಿಂದಕ್ಕೆ ಎಣಿಸುವಾಗ ಈ ಒಂದು ತಿಂಗಳನ್ನ ಎಲ್ಲರೂ ಮರೀತಾರೆ.

ಸ್ಪಾನ್ಸರ್ ಕಳಿಸೋ ರೆಡಿ ಸ್ಟಿಕರ್ ಬಹುತೇಕ ಕ್ಯಾಲೆಂಡರ್ಡ್ (ರೋಲರ್ ನಡುವೆ ಒತ್ತಿ ಮಾಡಿದ) ವಿನೈಲ್, 75–100 ಮೈಕ್ರಾನ್ ದಪ್ಪ. ಚಪ್ಪಟೆ ಗಾಜಿಗೆ ಸರಿ. ಬಾಗಿಲ ಬಾಗು, ಫೆಂಡರ್ ಉಬ್ಬಿನ ಮೇಲೆ ಹಾಕಿದರೆ ಬಿಸಿಲಿಗೆ ಕುಗ್ಗಿ ಅಂಚಿನಲ್ಲಿ ಅಂಟಿನ ಕಪ್ಪು ಗೆರೆ ಬರುತ್ತೆ. ಬಾಡಿ ಮೇಲೆ ಬೇಕಿದ್ದರೆ ಕಾಸ್ಟ್ (ದ್ರವ ಹೊಯ್ದು ಮಾಡಿದ) ವಿನೈಲ್, ಸುಮಾರು 50 ಮೈಕ್ರಾನ್. ಅವರ ಹತ್ತಿರ ಲೋಗೋ ಫೈಲ್ ಕೇಳಿ ನೀವೇ ಕಟ್ ಮಾಡಿಸಿ. ಫೈಲ್ ವೆಕ್ಟರ್ (ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡದಂಥದ್ದು) ಆಗಿರಬೇಕು: ಎಐ, ಇಪಿಎಸ್, ಎಸ್‌ವಿಜಿ ಇಲ್ಲವೇ ವೆಕ್ಟರ್ ಪಿಡಿಎಫ್. ಅಕ್ಷರಗಳನ್ನ ಔಟ್‌ಲೈನ್ ಮಾಡಿರಬೇಕು, ಬಣ್ಣಕ್ಕೆ ಪ್ಯಾಂಟೋನ್ ನಂಬರ್ ಇರಬೇಕು. ವೆಬ್‌ಸೈಟ್‌ನಿಂದ ಇಳಿಸಿದ ಜೆಪಿಜಿಯನ್ನ ಸ್ಟಿಕರ್ ಕತ್ತರಿಸೋ ಪ್ಲಾಟರ್‌ಗೆ ಕೊಟ್ಟರೆ ಅಂಚು ಗರಗಸದ ಹಾಗೆ ಬರುತ್ತೆ.

ಗಾತ್ರ: 25 ಮಿ.ಮೀ. ಎತ್ತರದ ಅಕ್ಷರ ಸುಮಾರು 3 ಮೀಟರ್ ದೂರದಿಂದ ನೆಮ್ಮದಿಯಾಗಿ ಓದೋಕೆ ಬರುತ್ತೆ. ಪ್ರದರ್ಶನದಲ್ಲಿ ಜನ ಹಗ್ಗದ ಆಚೆ ನಿಲ್ತಾರೆ, ಅಷ್ಟು ದೂರಕ್ಕೆ ಲೆಕ್ಕ ಹಾಕಿ.

ಅಂಟಿಸೋ ಮುಂಚೆ ವ್ಯಾಕ್ಸ್, ಸೆರಾಮಿಕ್ ಕೋಟಿಂಗ್ ಯಾವುದೂ ಆ ಜಾಗದಲ್ಲಿರಬಾರದು. ಸೆರಾಮಿಕ್ ಕೋಟಿಂಗ್ ಸ್ಪಾನ್ಸರ್ ಕೂಡ ಇದ್ದರೆ ಸ್ಟಿಕರ್ ಮೊದಲು, ಕೋಟಿಂಗ್ ಆಮೇಲೆ. ಐಸೋಪ್ರೊಪೈಲ್ ಆಲ್ಕೋಹಾಲ್ 2 ಪಾಲು, ನೀರು 1 ಪಾಲು ಬೆರೆಸಿ ಒರೆಸಿ, ತಾನಾಗಿ ಆರೋಕೆ ಬಿಡದೆ ಒಣಬಟ್ಟೆಯಿಂದ ಮತ್ತೆ ಒರೆಸಿ. ಲೋಹ 20–25 ಡಿಗ್ರಿ ಇದ್ದರೆ ಕೆಲಸ ಸಲೀಸು. ಬಾಗಿದ ಜಾಗಕ್ಕೆ ಕಾಸ್ಟ್ ಫಿಲ್ಮ್ ಎಳೆದು ಕೂರಿಸಿದ್ದರೆ ಕೊನೆಗೆ ಆ ಭಾಗವನ್ನ ತಯಾರಕರು ಹೇಳಿದ ಉಷ್ಣದವರೆಗೆ, ಸಾಮಾನ್ಯವಾಗಿ 90 ಡಿಗ್ರಿ ಮೇಲೆ, ಬಿಸಿ ಮಾಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೇ ಮಾಡಿ. ಇದನ್ನ ಬಿಟ್ಟರೆ ಎರಡು ದಿನಕ್ಕೆ ಅಂಚು ಎದ್ದು ಬರುತ್ತೆ.

ತೆಗೆಯೋದು ಕೂಡ ಒಪ್ಪಂದದಲ್ಲಿರಲಿ, ಯಾರ ಖರ್ಚು ಅಂತ. ಒಂದು ವರ್ಷ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಸ್ಟಿಕರ್ ಕೆಳಗಿನ ಬಣ್ಣ ಹೊಸದಾಗೇ ಉಳಿದು ಸುತ್ತ ಮಾಸಿರುತ್ತೆ. ಲೋಗೋ ಕಿತ್ತರೂ ನೆರಳು ಉಳಿಯುತ್ತೆ, ಕೆಂಪು ಬಣ್ಣದಲ್ಲಂತೂ ಎದ್ದು ಕಾಣುತ್ತೆ. ಪಾಲಿಶ್ ಮಾಡಿಸಬೇಕಾಗುತ್ತೆ.

ನೀಲಿಹ್ಯಾಚ್

@ಸ್ಕ್ವೀಜಿಕೈ ಮ್ಯಾಗ್ನೆಟಿಕ್ ಶೀಟ್ ಮೇಲೆ ಲೋಗೋ ಹಾಕಿಸಿದರೆ ಈ ತಲೆನೋವೇ ಇರಲ್ಲ ಅಲ್ವಾ? ಪ್ರದರ್ಶನದ ದಿನ ಅಂಟಿಸಿ, ಆಮೇಲೆ ತೆಗೆದುಬಿಡೋದು.

ಸ್ಕ್ವೀಜಿಕೈ

ನಿಲ್ಲಿಸಿದ ಗಾಡಿಗೆ ಆಗುತ್ತೆ. ಆದರೆ ಅಲ್ಯುಮಿನಿಯಂ ಬಾನೆಟ್, ಫೈಬರ್ ಬಂಪರ್, ಕಾರ್ಬನ್ ಪ್ಯಾನೆಲ್‌ಗೆ ಅಂಟಲ್ಲ, ದಪ್ಪ ಪುಟ್ಟಿ ಹಾಕಿದ ಜಾಗದಲ್ಲೂ ಹಿಡಿತ ಕಡಿಮೆ. ಕೆಳಗೆ ಧೂಳಿನ ಕಣ ಸಿಕ್ಕರೆ ಹೊಸ ಪೇಂಟ್ ಮೇಲೆ ಗೀರು. ಎರಡೂ ಕಡೆ ಒರೆಸಿ ಹಾಕಿ, ಎಳೆಯದೆ ಎತ್ತಿ ತೆಗೆಯಿರಿ, ಹಾಕಿಕೊಂಡು ಹೆದ್ದಾರಿಗೆ ಹೋಗಬೇಡಿ. ಪೇಂಟ್ ಪೂರ್ತಿ ಗಟ್ಟಿಯಾಗಿರಬೇಕು ಅನ್ನೋ ಮಾತು ಇದಕ್ಕೂ ಅನ್ವಯ.

ಲೆನ್ಸ್85

ಸ್ಪಾನ್ಸರ್‌ಗಳಿಗೆ ನಿಜವಾಗಿ ಬೇಕಾಗಿರೋದು ಚಿತ್ರ. ಲೋಗೋ ನೋಡೋದು ಪ್ರದರ್ಶನಕ್ಕೆ ಬಂದ ಜನ, ಚಿತ್ರ ಅವರ ಕ್ಯಾಟಲಾಗ್‌ನಲ್ಲಿ ವರ್ಷಗಟ್ಟಲೆ ಇರುತ್ತೆ. ಅವರಿಗೆ ಹೆಚ್ಚು ಉಪಯೋಗಕ್ಕೆ ಬರೋದು ಸಂಜೆಬೆಳಕಿನ ಪೂರ್ತಿ ಗಾಡಿ ಫೋಟೋಗಿಂತ ಪಾರ್ಟ್ ನಂಬರ್ ಕಾಣೋ ಹಾಗೆ ಡಬ್ಬಿ, ಕಿಟ್‌ನೊಳಗಿನ ಎಲ್ಲಾ ತುಣುಕು ಬಿಳಿ ಹಿನ್ನೆಲೆಯಲ್ಲಿ, ಅಳವಡಿಸುವ ಒಂದೊಂದು ಹಂತ, ಅಳವಡಿಸಿದ ಮೇಲೆ ಹತ್ತಿರದ ಚಿತ್ರ. ಪಾರ್ಟ್ ಗಾಡಿಗೆ ಹೋದ ಮೇಲೆ ಇವು ಮತ್ತೆ ಸಿಗಲ್ಲ, ಡಬ್ಬಿ ಬಿಚ್ಚೋ ದಿನವೇ ತೆಗೀಬೇಕು.

ರಿಮ್ ತೋರಿಸುವಾಗ ಮುಂಚಕ್ರವನ್ನ ಕ್ಯಾಮೆರಾಗೆ ಅದರ ಮುಖ ಕಾಣೋ ಕಡೆ ತಿರುಗಿಸಿ. ಟೈರಿನ ರಸ್ತೆಗೆ ತಾಗೋ ಮೈ ಕಂಡರೆ ರಿಮ್ ಕಾಣಲ್ಲ. ಪಾಲಿಶ್ ಬಾಡಿಗೆ ಪ್ರತಿಫಲನ ತಗ್ಗಿಸೋ ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್ ಬೇಕೇ ಬೇಕು. ಓಡುವ ಗಾಡಿಗೆ ಶಟರ್ 1/60 ಸೆಕೆಂಡ್ ಆಸುಪಾಸು, ಅದಕ್ಕಿಂತ ವೇಗವಾದರೆ ಚಕ್ರ ನಿಂತ ಹಾಗೆ ಕಾಣುತ್ತೆ. ಪ್ರತಿ ದೃಶ್ಯವನ್ನೂ 4:5 ಮತ್ತು 9:16 ಎರಡಕ್ಕೂ ಕತ್ತರಿಸೋಕೆ ಜಾಗ ಬಿಟ್ಟು ತೆಗೆಯಿರಿ.

ಹಕ್ಕಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಚಿತ್ರದ ಹಕ್ಕು ತೆಗೆದವರದು, ಗಾಡಿ ಮಾಲೀಕರದಲ್ಲ. ಗೆಳೆಯ ತೆಗೆದ ಫೋಟೋವನ್ನ ಕಂಪನಿಗೆ ಜಾಹೀರಾತಿಗೆ ಕೊಡೋ ಮುಂಚೆ ಅವರಿಂದ ಬರಹದಲ್ಲಿ ಒಪ್ಪಿಗೆ ಬೇಕು. ಎಲ್ಲಿ, ಎಷ್ಟು ಕಾಲ, ಮುದ್ರಣಕ್ಕೂ ಸೇರಿಯೋ ಅಂತ ಸ್ಪಷ್ಟವಾಗಿರಲಿ. ಹಾಗೇ ಆ್ಯಪ್‌ನಲ್ಲಿ ಸಿಗೋ ಸಿನಿಮಾ ಹಾಡನ್ನ ಸ್ಪಾನ್ಸರ್ ವಿಡಿಯೋಗೆ ಹಾಕಬೇಡಿ. ಆ ಪರವಾನಗಿ ಸಾಮಾನ್ಯವಾಗಿ ಖಾಸಗಿ ಬಳಕೆಗೆ ಮಾತ್ರ, ಜಾಹೀರಾತಿಗೆ ಅಲ್ಲ.

ಪಾರ್ಟ್ಸ್‌ಕೌಂಟರ್

ಜಾಹೀರಾತು ಅಂತ ಹೇಳೋದರ ಬಗ್ಗೆಯೂ ಬರೆದುಬಿಡ್ತೀನಿ. ಹಣ ಬಂದರೆ ಮಾತ್ರ ಹೇಳಬೇಕು ಅಂತ ಅನೇಕರು ಅಂದ್ಕೊಂಡಿದ್ದಾರೆ. ಬಿಟ್ಟಿ ಪಾರ್ಟ್, ವಿಶೇಷ ರಿಯಾಯಿತಿ, ನಿಮ್ಮ ಹೆಸರಿನ ರಿಯಾಯಿತಿ ಕೋಡ್ ಬಳಸಿ ಯಾರಾದರೂ ಕೊಂಡರೆ ಸಿಗೋ ಕಮಿಷನ್, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಅಮೆರಿಕದ ಎಫ್‌ಟಿಸಿ (ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ) 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ, ಬೇರೆ ಹಲವು ದೇಶಗಳ ನಿಯಮವೂ ಇದೇ ದಾರಿಯಲ್ಲಿದೆ. ಸಂಬಂಧ ಇರೋದು ನೋಡುವವರ ಕಣ್ಣಿಗೆ ಬೀಳಬೇಕು. "ಇನ್ನಷ್ಟು" ಒತ್ತಿದ ಮೇಲೆ ಕಾಣೋ ಕಡೆ, ಇಪ್ಪತ್ತು ಹ್ಯಾಷ್‌ಟ್ಯಾಗ್ ನಡುವೆ ಹಾಕಿದರೆ ಅದು ಹೇಳಿದ ಹಾಗಲ್ಲ. ಮೊದಲ ಸಾಲಲ್ಲೇ "ಈ ರಿಮ್ ಕಂಪನಿಯವರು ಬಿಟ್ಟಿ ಕೊಟ್ಟಿದ್ದು" ಅಂತ ಬರೆಯಿರಿ. ವಿಡಿಯೋದಲ್ಲಿ ಬಾಯಲ್ಲೂ ಹೇಳಿ, ಪರದೆ ಮೇಲೂ ತೋರಿಸಿ. ಒಂದು ವರ್ಷದ ನಂತರ ಅದೇ ರಿಮ್ ಬಗ್ಗೆ ಯಾರಾದರೂ ಕೇಳಿದಾಗ ಕೊಡೋ ಉತ್ತರಕ್ಕೂ ಇದು ಅನ್ವಯಿಸುತ್ತೆ.

ಕೋಡ್ ಕೊಟ್ಟರೆ ಅದು ನಿಮಗೊಬ್ಬರಿಗೇ ಮೀಸಲಾಗಿರಲಿ. ಕೂಪನ್ ಸೈಟ್‌ಗಳು ಅದನ್ನ ಎತ್ತಿಹಾಕಿದರೆ ಎಲ್ಲೆಲ್ಲಿಂದಲೋ ಬಂದ ಮಾರಾಟ ನಿಮ್ಮ ಲೆಕ್ಕಕ್ಕೆ ಸೇರಿ, ಕಂಪನಿಗೆ ಇಡೀ ಅಂಕಿಯ ಮೇಲೇ ಅನುಮಾನ ಬರುತ್ತೆ. ಕೋಡ್ ಜೊತೆಗೆ ಬೇರೆ ಲಿಂಕ್ ಕೂಡ ಕೇಳಿ.

ಹಳೇಕ್ಲಚ್

ಪ್ರದರ್ಶನ ಅಂದಿದ್ದಕ್ಕೆ ಕೇಳ್ತಿದ್ದೀನಿ. ಲಾಸ್ ವೇಗಸ್‌ನ ಸೀಮಾ (ಗಾಡಿ ಪಾರ್ಟ್ಸ್ ಮೇಳ) ಥರದ ಕಡೆ ಗಾಡಿ ಇಡೋದು ಹೇಗೆ? ನಾವೇ ಅರ್ಜಿ ಹಾಕಬಹುದಾ?

ರಿಮ್‌ಲೆಕ್ಕ

ಅದು 1967ರಲ್ಲಿ ಶುರುವಾದ ವ್ಯಾಪಾರಿ ಮೇಳ, ವರ್ಷಕ್ಕೊಮ್ಮೆ ನವೆಂಬರ್ ಆರಂಭದ ಹೊತ್ತಿಗೆ ನಡೆಯುತ್ತೆ. ಗಾಡಿ ಒಳಗೆ ಹೋಗೋದು ಸಾಮಾನ್ಯವಾಗಿ ಅಲ್ಲಿ ಮಳಿಗೆ ತಗೊಂಡಿರೋ ಕಂಪನಿಯ ಮೂಲಕ. ಹಾಗಾಗಿ ಮೊದಲು ಕಂಪನಿ, ಆಮೇಲೆ ಜಾಗ. ಯಾವ ದೊಡ್ಡ ಪ್ರದರ್ಶನವಾದರೂ 6ರಿಂದ 9 ತಿಂಗಳು ಮುಂಚೆ ಕಂಪನಿಗೆ ಬರೆಯಿರಿ. ಒಂದು ಪುಟ ಸಾಕು: ಗಾಡಿಯ ರೆಂಡರ್, ಅವರ ಪಾರ್ಟ್ ನಂಬರ್ ಸಮೇತ ಏನು ಬೇಕು ಅನ್ನೋ ಪಟ್ಟಿ, ಯಾವ ಕೆಲಸ ಯಾವ ತಿಂಗಳು, ಪ್ರತಿಯಾಗಿ ಏನು ಕೊಡ್ತೀರಿ. ಫಾಲೋವರ್ ಸಂಖ್ಯೆಗಿಂತ ಜನ ವಿಡಿಯೋ ಎಷ್ಟು ಹೊತ್ತು ನೋಡ್ತಾರೆ ಅನ್ನೋದು ಬರೆಯಿರಿ. ಇಪ್ಪತ್ತು ಕಂಪನಿಗೆ ಒಂದೇ ಪತ್ರ ಕಳಿಸಿದರೆ ಅದು ಓದಿದ ತಕ್ಷಣ ಗೊತ್ತಾಗುತ್ತೆ. ಗಾಡಿಯಲ್ಲಿ ನಕಲಿ ರಿಮ್ ಇದ್ದರೆ ಅಸಲಿ ರಿಮ್ ಮಾಡೋರು ಹತ್ತಿರಕ್ಕೂ ಬಿಟ್ಕೊಳ್ಳಲ್ಲ.

ನೀಲಿಹ್ಯಾಚ್

ಏರ್ ಸಸ್ಪೆನ್ಷನ್ ಬಗ್ಗೆ ಒಂದು ಕೊನೆ ಪ್ರಶ್ನೆ. ಪ್ರದರ್ಶನ ಒಳಾಂಗಣದಲ್ಲಿ, ಎರಡು ದಿನ. ಬ್ಯಾಟರಿ ಕಳಚಬೇಕು, ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು ಅಂದಿದ್ದಾರೆ. ಹಾಗಾದ್ರೆ ಬ್ಯಾಗ್‌ಗೆ ಗಾಳಿ ತುಂಬೋ ಕಂಪ್ರೆಸರ್ ಓಡಲ್ಲ. ಗಾಡಿ ಎತ್ತರ ನಿಲ್ಲುತ್ತಾ?

ರಿಮ್‌ಲೆಕ್ಕ

ಸೋರಿಕೆ ಇಲ್ಲದಿದ್ದರೆ ನಿಲ್ಲುತ್ತೆ, ವಾಲ್ವ್ ಮುಚ್ಚಿದ್ದಾಗ ಕರೆಂಟ್ ಬೇಕಾಗಲ್ಲ. ಒಂದು ವಾರ ಮುಂಚೆಯೇ ಪರೀಕ್ಷೆ ಮಾಡಿ. ಗಾಳಿಯ ಟ್ಯಾಂಕ್ 150 ಪಿಎಸ್‌ಐಗೆ ತುಂಬಿಸಿ, ನಾಲ್ಕೂ ಫೆಂಡರ್ ಎತ್ತರ ಅಳೆದು ಬರೆದಿಟ್ಟು, ಬ್ಯಾಟರಿ ಕಳಚಿ 12 ಗಂಟೆ ಬಿಡಿ. ಬೆಳಗ್ಗೆ ಗೇಜ್ ಇಳಿದಿರೋದು ಕಂಡು ಗಾಬರಿ ಬೇಡ. ಸಂಜೆ 30 ಡಿಗ್ರಿ ಇದ್ದು ಬೆಳಗ್ಗೆ 15 ಆಗಿದ್ದರೆ ತಂಪಿಗೇ 150 ಇದ್ದದ್ದು 142ಕ್ಕೆ ಇಳಿಯುತ್ತೆ. ಅದಕ್ಕಿಂತ ಕೆಳಗೆ ಹೋಗಿದ್ದರೆ ಸೋರಿಕೆ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಆ ಬ್ಯಾಗ್‌ನ ಪೈಪ್ ನೋಡಿ, ನಾಲ್ಕೂ ನಿಂತು ಟ್ಯಾಂಕ್ ಮಾತ್ರ ಇಳಿದಿದ್ದರೆ ಟ್ಯಾಂಕಿನ ಫಿಟಿಂಗ್ ನೋಡಿ.

ಸೋಪಿನ ನೀರು ಹಚ್ಚಿದರೆ ಗುಳ್ಳೆ ಎಲ್ಲಿ ಅಂತ ಗೊತ್ತಾಗುತ್ತೆ. ಸಾಮಾನ್ಯ ಕಾರಣ ಪೈಪನ್ನ ಕಟ್ಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿರೋದು. ತುದಿ ಓರೆಯಾಗಿ, ಅಂಡಾಕಾರವಾಗಿ ಒಳಗಿನ ಓ ರಿಂಗ್ ಮೇಲೆ ಸರಿಯಾಗಿ ಕೂರಲ್ಲ. ಹೋಸ್ ಕಟ್ಟರ್‌ನಲ್ಲಿ ನೇರ ಕತ್ತರಿಸಿ, ಹೊರಮೈಯಲ್ಲಿ ಗೀರಿದ್ದರೆ ಆ ತುಂಡು ತೆಗೆದುಹಾಕಿ, ಫಿಟಿಂಗ್‌ನ ತಳ ಮುಟ್ಟೋವರೆಗೂ ಒತ್ತಿ. ಥ್ರೆಡ್‌ಗೆ ಟೇಪ್ ಬದಲು ಲಿಕ್ವಿಡ್ ಸೀಲೆಂಟ್ ಹಾಕಿ, ಟೇಪಿನ ಚೂರು ವಾಲ್ವ್‌ಗೆ ಸಿಕ್ಕಿಕೊಂಡರೆ ವಾಲ್ವೇ ಸೋರುತ್ತೆ. ಟ್ಯಾಂಕಿನ ಕೆಳಗಿನ ಡ್ರೈನ್ ತೆಗೆದು ನೀರು ಬಸಿದು, ಪ್ರದರ್ಶನದ ಹಾಲ್ ಬಾಗಿಲ ಹತ್ತಿರ ಕೊನೆ ಸಲ ಟ್ಯಾಂಕ್ ತುಂಬಿಸಿಕೊಂಡು ಒಳಗೆ ಹೋಗಿ.